ಬೆಟ್ಟದ ಮೇಲಿನ ಬಾವುಟ, ಬಯಲಾಗುವ ಗುಟ್ಟು

1861ರ ಜುಲೈ 21. ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕದನ ವರ್ಜೀನಿಯಾದ ಬುಲ್ ರನ್ ತೊರೆಯ ಬಳಿ ಶುರುವಾಗಿತ್ತು. ಗುಡ್ಡದ ಮೇಲಿಂದ ದುರ್ಬೀನು ಹಿಡಿದು ನೋಡುತ್ತಿದ್ದ ದಕ್ಷಿಣದ ಸೇನೆಯ ಎಡ್ವರ್ಡ್ ಪೋರ್ಟರ್ ಅಲೆಕ್ಸಾಂಡರ್‌ಗೆ ಮೈಲಿಗಳಾಚೆ ಏನೋ ಫಳಕ್ಕೆಂದದ್ದು ಕಂಡಿತು. ಬಿಸಿಲಿಗೆ ಹೊಳೆದ ಹಿತ್ತಾಳೆಯ ಫಿರಂಗಿ! ಉತ್ತರದ ಪಡೆ ಎಡಬದಿಯಿಂದ ಸುತ್ತುವರಿದು ಬರುತ್ತಿತ್ತು. ಕೂಡಲೇ ಬಾವುಟ ಬೀಸಿ ತನ್ನವರನ್ನು ಎಚ್ಚರಿಸಿದ. ಆ ದಿನ ಗೆದ್ದದ್ದು ದಕ್ಷಿಣ.

ಈ ಬಾವುಟದ ಭಾಷೆಯನ್ನು ರೂಪಿಸಿದ್ದು ಸೇನಾವೈದ್ಯ ಆಲ್ಬರ್ಟ್ ಮೈಯರ್. ಯುದ್ಧಕ್ಕೆ ಮುಂಚೆ ಅದರ ಪ್ರಯೋಗಗಳಲ್ಲಿ ಆತನಿಗೆ ನೆರವಾದವನೇ ಈ ಅಲೆಕ್ಸಾಂಡರ್. ಯುದ್ಧ ಬಂದಾಗ ಗುರು ಉತ್ತರಕ್ಕೆ, ಶಿಷ್ಯ ದಕ್ಷಿಣಕ್ಕೆ!

ವಿಧಾನ ಸರಳ. ಬಾವುಟವನ್ನು ಒಂದು ಬದಿಗೆ ಬೀಸಿದರೆ 1, ಇನ್ನೊಂದು ಬದಿಗೆ ಬೀಸಿದರೆ 2, ಮುಂದಕ್ಕೆ ಬಾಗಿಸಿದರೆ ಪದ ಮುಗಿಯಿತೆಂದು ಅರ್ಥ. 1 ಮತ್ತು 2ರ ಜೋಡಣೆಯಲ್ಲೇ ಇಡೀ ಅಕ್ಷರಮಾಲೆ. ಹಿನ್ನೆಲೆ ಕಪ್ಪಗಿದ್ದರೆ ಬಿಳಿ ಬಾವುಟ, ಹಿಮವಿದ್ದರೆ ಕಪ್ಪು. ರಾತ್ರಿ ಪಂಜು. ಆದರೆ ಕತ್ತಲಲ್ಲಿ ತೂಗಾಡುವ ಒಂಟಿ ಬೆಳಕು ಎಡಕ್ಕೆ ಹೋಯಿತೋ ಬಲಕ್ಕೋ ತಿಳಿಯುವುದು ಹೇಗೆ? ಅದಕ್ಕೇ ಬೀಸುವವನ ಕಾಲ ಬಳಿ ಇನ್ನೊಂದು ಪಂಜನ್ನು ನಿಶ್ಚಲವಾಗಿ ಇಡುತ್ತಿದ್ದರು.

ದೂರಕ್ಕೆ ಕಾಣಬೇಕಾದರೆ ಎತ್ತರದಲ್ಲಿ ನಿಲ್ಲಬೇಕು. ಎತ್ತರದಲ್ಲಿ ನಿಂತರೆ ಶತ್ರುವಿಗೂ ಕಾಣುತ್ತದೆ. ಎರಡೂ ಕಡೆಯವರದು ಒಂದೇ ಮೂಲದ ಸಂಕೇತವಾದ್ದರಿಂದ ಒಬ್ಬರದನ್ನೊಬ್ಬರು ಓದತೊಡಗಿದರು. ಆಗ ಉತ್ತರದವರು ಒಂದರ ಮೇಲೊಂದು ತಿರುಗುವ ಬಿಲ್ಲೆಗಳನ್ನು ತಂದರು. ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ಬಿಲ್ಲೆ ಸ್ವಲ್ಪ ತಿರುಗಿತೋ, ಅಕ್ಷರಗಳ ಅಂಕಿಯೆಲ್ಲ ಅದಲು ಬದಲು.

ಬಾವುಟ ಬೀಸುವ ಠಾಣೆಯ ಕಣ್ಣಿಗೂ ಅಷ್ಟೇ ಬೆಲೆಯಿತ್ತು. 1863ರ ಜುಲೈ 2ರಂದು ಗೆಟಿಸ್‌ಬರ್ಗ್‌ನಲ್ಲಿ, ಲಿಟಲ್ ರೌಂಡ್ ಟಾಪ್ ಗುಡ್ಡದ ಸಿಗ್ನಲ್ ಠಾಣೆಗೆ ಕಾಣಿಸಬಾರದೆಂದು ದಕ್ಷಿಣದ ಲಾಂಗ್‌ಸ್ಟ್ರೀಟ್‌ನ ಪಡೆ ಬಂದ ದಾರಿಯಲ್ಲೇ ಹಿಂತಿರುಗಿ ಬಳಸುದಾರಿ ಹಿಡಿಯಿತು. ದಾಳಿ ಗಂಟೆಗಟ್ಟಲೆ ತಡವಾಯಿತು.

ಶತ್ರು ಓದುತ್ತಾನೆಂದು ಗೊತ್ತಾದ ಮೇಲೆ ಸುಳ್ಳನ್ನೂ ಓದಿಸಬಹುದು. 1864ರ ಅಕ್ಟೋಬರ್‌ನಲ್ಲಿ ಶೆನಾಂಡೋವ ಕಣಿವೆಯಲ್ಲಿ ದಕ್ಷಿಣದ ಜುಬಾಲ್ ಅರ್ಲಿ ಮಾಡಿದ್ದು ಇದನ್ನೇ. ಲಾಂಗ್‌ಸ್ಟ್ರೀಟ್‌ ಸೈನ್ಯ ಬಂದು ಸೇರಲಿದೆ, ಕೂಡಿ ಉತ್ತರದ ಸೇನಾಪತಿ ಶೆರಿಡನ್‌ನನ್ನು ಹೊಸಕಿಹಾಕೋಣ ಎಂಬ ಹುಸಿ ಸಂದೇಶವನ್ನು ಬೆಟ್ಟದ ಮೇಲಿಂದ ಬೀಸಿಸಿದ. ಉತ್ತರದವರು ಅದನ್ನು ಸರಿಯಾಗಿಯೇ ಬಿಡಿಸಿದರು. ಶತ್ರು ಬೆದರಿ ಹಿಂದೆ ಸರಿಯಲಿ ಎಂಬುದು ಅರ್ಲಿಯ ಎಣಿಕೆ. ಶೆರಿಡನ್ ಮಾಡಿದ್ದು ಬೇರೆ: ದೂರದ ದಾಳಿಗೆ ಹೊರಟಿದ್ದ ಅಶ್ವದಳವನ್ನು ವಾಪಸು ಕಳಿಸಿದ. ಮೂರು ದಿನಗಳ ಬಳಿಕ ಸೀಡರ್ ಕ್ರೀಕ್‌ನಲ್ಲಿ ಅರ್ಲಿಯ ಸೇನೆ ಚದುರಿಹೋಯಿತು. ಆ ಗೆಲುವಿನಲ್ಲಿ ವಾಪಸು ಬಂದ ಅಶ್ವದಳದ್ದು ದೊಡ್ಡ ಪಾಲು.