ಮುಖ ತಿರುಗಿಸು, ರೈಫಲ್ ಅಲ್ಲ

ಈ ಸಲದ ಲೇಖನವನ್ನು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಆಗ ನಾನು ಒಂಬತ್ತನೇ ತರಗತಿ. ಎನ್‌ಸಿಸಿ ಕ್ಯಾಂಪಿನಲ್ಲಿ ಫೈರಿಂಗ್ ಇದ್ದ ದಿನ. 25 ಮೀಟರ್ ದೂರದಲ್ಲಿ ಎತ್ತರದ ಮಣ್ಣಿನ ದಿಬ್ಬ, ಅದರ ಮುಂದೆ ಹಲಗೆಗೆ ಅಂಟಿಸಿದ ಗುರಿಹಾಳೆಗಳು. ನಾವು ಎಂಟು ಮಂದಿ ಸಾಲಾಗಿ ಬೋರಲು ಮಲಗಿದ್ದೆವು. ನಮ್ಮ ಹಿಂದೆ ಮುಂದಿನ ಸರದಿಯವರು ಕುಳಿತಿದ್ದರು. ಮೂರನೇ ಗುಂಡಿಗೆ ಟ್ರಿಗರ್ ಒತ್ತಿದಾಗ ‘ಟಿಕ್’ ಅಂತ ಒಂದು ಸಣ್ಣ ಸದ್ದು ಬಂತು, ಗುಂಡು ಹೋಗಲಿಲ್ಲ. “ಸರ್, ಇದು ಆಗ್ತಾ ಇಲ್ಲ” ಅಂತ ಹೇಳಲು ಎಡಕ್ಕೆ ಹೊರಳಿ ಹಿಂದೆ ನೋಡಿದೆ. ನನ್ನ ಜತೆಗೆ ರೈಫಲೂ ಹೊರಳಿತು.

ಪಕ್ಕದಲ್ಲಿ ಮಲಗಿದ್ದವನ ತಲೆಯ ಮೇಲಿಂದ ಹಾದು ಅದರ ಬಾಯಿ ಹಿಂದೆ ಕುಳಿತಿದ್ದ ಹುಡುಗರ ಕಡೆ ಬರುವಷ್ಟರಲ್ಲಿ, ನಮ್ಮ ಹವಾಲ್ದಾರರು ಒಂದೇ ಜಿಗಿತಕ್ಕೆ ಬಂದು ನಳಿಗೆಯನ್ನು ಕೈಯಲ್ಲಿ ಹಿಡಿದು ದಿಬ್ಬದ ಕಡೆಗೆ ತಿರುಗಿಸಿ ನೆಲಕ್ಕೆ ಒತ್ತಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಮೂಹ್ ಘುಮಾ, ರೈಫಲ್ ನಹೀ” ಅಂದರು. ಮುಖ ತಿರುಗಿಸು, ರೈಫಲ್ ಅಲ್ಲ. ಅವರ ಕೈ ನಡುಗುತ್ತಿತ್ತು. ನನಗೆ ಅದೇ ಆಶ್ಚರ್ಯ. ಗುಂಡು ಹೋಗದ ರೈಫಲ್‌ಗೆ ಇಷ್ಟು ಹೆದರುವುದೇಕೆ?

ಆ ಪ್ರಶ್ನೆಗೆ ಉತ್ತರ ಪೂರ್ತಿ ಅರ್ಥವಾದದ್ದು ನಾನು ವಿಜ್ಞಾನ ಮಾಸ್ಟ್ರಾದ ಮೇಲೆ. ನಿಮ್ಮಲ್ಲಿ ಕೆಲವರು ಎನ್‌ಸಿಸಿ ಸೇರಿರಬಹುದು, ಇನ್ನು ಕೆಲವರು ಶಾಲಾ ಕ್ರೀಡಾಕೂಟದ ಏರ್ ರೈಫಲ್ ಸ್ಪರ್ಧೆಗೆ ತಯಾರಿ ಮಾಡುತ್ತಿರಬಹುದು. ಅಲ್ಲಿ ಹೇಳಿಕೊಡುವ ನಿಯಮಗಳು ಮೊದಲಿಗೆ ಬರೀ ಶಿಸ್ತಿನ ಮಾತಾಗಿ, ಸ್ವಲ್ಪ ಅತಿ ಅಂತಲೂ ಕಾಣುತ್ತವೆ. ಆದರೆ ಒಂದೊಂದರ ಹಿಂದೆಯೂ ನಮ್ಮ ಪಾಠಪುಸ್ತಕದ ಲೆಕ್ಕವೇ ಇದೆ.

ಮೊದಲು ಕೋನದ ಲೆಕ್ಕ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸಲ ‘ಟಿಕ್’ ಅಂದರೆ 6 ಡಿಗ್ರಿ ಸರಿಯುತ್ತದೆ. ರೈಫಲಿನ ನಳಿಗೆ ಅಷ್ಟೇ ಸರಿಯಿತು ಅನ್ನಿ. ಹತ್ತನೇ ತರಗತಿಯವರು ಟ್ಯಾನ್ 6 ಡಿಗ್ರಿ ನೋಡಿ: ಸುಮಾರು 0.105. ಅಂದರೆ 10 ಮೀಟರ್ ದೂರದಲ್ಲಿ ಗುಂಡು 1 ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. 25 ಮೀಟರಿನಲ್ಲಿ 2.6 ಮೀಟರ್, 100 ಮೀಟರಿನಲ್ಲಿ ಹತ್ತೂವರೆ ಮೀಟರ್. ರಾತ್ರಿ ಅಂಗಳದಲ್ಲಿ ನಿಂತು ಟಾರ್ಚನ್ನು ದೂರದ ಗೋಡೆಗೆ ಬಿಟ್ಟು ಮಣಿಕಟ್ಟನ್ನು ಸ್ವಲ್ಪವೇ ತಿರುಗಿಸಿ ನೋಡಿ, ಬೆಳಕು ಎಷ್ಟು ದೂರ ಓಡುತ್ತದೆ ಅಂತ ಗೊತ್ತಾಗುತ್ತದೆ. ನಾನು ಆ ದಿನ ತಿರುಗಿಸಿದ್ದು 6 ಡಿಗ್ರಿ ಅಲ್ಲ, 90ಕ್ಕಿಂತ ಹೆಚ್ಚು. ಒಬ್ಬನೇ ಇರುವ ಜಾಗದಲ್ಲಿ ಇದರ ಅಪಾಯ ಒಂದು ರೀತಿ. ಎಂಟು ಮಂದಿ ಮಲಗಿ, ಇಪ್ಪತ್ತು ಮಂದಿ ಹಿಂದೆ ಕುಳಿತಿರುವ ಜಾಗದಲ್ಲಿ ಕೋವಿಯ ಬಾಯಿಗೆ ದಿಬ್ಬದ ದಿಕ್ಕು ಒಂದೇ ಸರಿಯಾದ ದಿಕ್ಕು, ಉಳಿದ ಎಲ್ಲ ದಿಕ್ಕಿನಲ್ಲೂ ಯಾರೋ ಒಬ್ಬರು ಇರುತ್ತಾರೆ.

ಇನ್ನು ಸಮಯ. ಎನ್‌ಸಿಸಿಯಲ್ಲಿ ನಾವು ‘ಪಾಯಿಂಟ್ ಟೂ ಟೂ’ ಅನ್ನುವ ರೈಫಲಿನ ಗುಂಡು 5.6 ಮಿಲಿಮೀಟರ್ ದಪ್ಪ, ತೂಕ ಸುಮಾರು 2.6 ಗ್ರಾಂ. ನಳಿಗೆಯಿಂದ ಹೊರಬೀಳುವಾಗ ಅದರ ವೇಗ ಸೆಕೆಂಡಿಗೆ 330 ಮೀಟರ್ ಆಸುಪಾಸು, ಹೆಚ್ಚುಕಡಿಮೆ ಶಬ್ದದ ವೇಗವೇ. 25 ಮೀಟರ್ ದಾಟಲು ಸೆಕೆಂಡಿನ ಹದಿಮೂರನೇ ಒಂದು ಭಾಗ ಸಾಕು. ನಮ್ಮ ಕಣ್ಣು ಏನನ್ನಾದರೂ ಕಂಡು, ಮೆದುಳಿಗೆ ತಿಳಿದು, ಕೈಕಾಲು ಅಲ್ಲಾಡಬೇಕಾದರೆ ಏನಿಲ್ಲವೆಂದರೂ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಗುಂಡು 60 ಮೀಟರ್ ದಾಟಿರುತ್ತದೆ. ‘ಅಯ್ಯೋ’ ಅನ್ನಲಿಕ್ಕೂ ಸಮಯವಿಲ್ಲ. ಹಾಗಾಗಿ ಜಾಗ್ರತೆ ಎಲ್ಲವೂ ಟ್ರಿಗರ್ ಒತ್ತುವ ಮೊದಲೇ ಮುಗಿದಿರಬೇಕು.

“ಸಣ್ಣ ಗುಂಡಲ್ಲವಾ ಸರ್?” ಅಂತ ಮಕ್ಕಳು ಕೇಳುವುದುಂಟು. ಲೆಕ್ಕ ಹಾಕೋಣ. ಚಲನ ಶಕ್ತಿ ಅಂದರೆ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಈ ಗುಂಡಿಗೆ ಸುಮಾರು 140 ಜೂಲ್ ಬರುತ್ತದೆ. ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿಗೆ ಸುಮಾರು 120 ಜೂಲ್. ಎರಡೂ ಹತ್ತಿರಹತ್ತಿರವೇ. ಆದರೆ ಚೆಂಡಿನ ಅಡ್ಡಗಲ ಗುಂಡಿನ ಅಡ್ಡಗಲಕ್ಕಿಂತ ಕ್ಷೇತ್ರಫಲದಲ್ಲಿ 160 ಪಟ್ಟಿಗೂ ಹೆಚ್ಚು ದೊಡ್ಡದು. ಅಷ್ಟು ಶಕ್ತಿ ಒಂದು ಹೆಸರುಕಾಳಿನಷ್ಟು ಜಾಗದ ಮೇಲೆ ಬೀಳುತ್ತದೆ. ಒತ್ತಡದ ಪಾಠ ನೆನಪಿದೆಯಲ್ಲ? ಏರ್ ರೈಫಲಿನ ಸೀಸದ ಗುಂಡು ಇದಕ್ಕಿಂತ ತೀರ ಹಗುರ, ಅರ್ಧ ಗ್ರಾಮಿನಷ್ಟು, ಶಕ್ತಿ 8 ಜೂಲ್ ಸುಮಾರು. ಆದರೂ ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ಅದು ಆಟಿಕೆ ಅಲ್ಲ.

ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಪಾಯಿಂಟ್ ಟೂ ಟೂ ಗುಂಡನ್ನು ಮೇಲ್ಮುಖವಾಗಿ ಹೊಡೆದರೆ ಒಂದೂವರೆ ಕಿ.ಮೀ.ಗಿಂತ ದೂರ ಹೋಗಬಲ್ಲದು. ದಿಬ್ಬವನ್ನು ಎತ್ತರವಾಗಿ, ಕಲ್ಲಿಲ್ಲದ ಮೆತ್ತನೆ ಮಣ್ಣಿನಲ್ಲಿ ಕಟ್ಟುವುದು ಅದಕ್ಕೇ. ಮಣ್ಣಿನ ಕಣಗಳು ಒಂದಕ್ಕೊಂದು ತಿಕ್ಕಿ ಗುಂಡಿನ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಕಲ್ಲು, ಕಬ್ಬಿಣ, ಕೊನೆಗೆ ನೀರು ಕೂಡ ಹಾಗೆ ಮಾಡುವುದಿಲ್ಲ. ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ಅಡ್ಡಕ್ಕೆ ಬೀಸಿದರೆ ಅದು ನೀರಿನ ಮೇಲೆ ಪುಟಿಯುತ್ತಾ ಹೋಗುವುದಿಲ್ಲವೇ, ಗುಂಡೂ ಓರೆಯಾಗಿ ತಗುಲಿದರೆ ಹಾಗೇ ಪುಟಿದು ಯಾವ ಕಡೆಗೋ ಹಾರುತ್ತದೆ. ತಮಾಷೆಗೆಂದು ಖಾಲಿ ಡಬ್ಬಿಗೋ ಬಾಟಲಿಗೋ ಹಲಗೆಯ ಕಬ್ಬಿಣದ ಕಂಬಕ್ಕೋ ಗುರಿಯಿಡುವವರನ್ನು ರೇಂಜಿನಿಂದ ಹೊರಗೆ ಕಳುಹಿಸುವುದು ಈ ಕಾರಣಕ್ಕೆ.

ಈಗ ನನ್ನ ‘ಟಿಕ್’ ವಿಷಯಕ್ಕೆ ಬರುತ್ತೇನೆ. ಈ ತೋಟೆಯ ತಳದ ಅಂಚಿನೊಳಗೆ ಬಡಿದರೆ ಹೊತ್ತಿಕೊಳ್ಳುವ ಒಂದು ರಾಸಾಯನಿಕ ಇರುತ್ತದೆ. ರೈಫಲಿನ ಪಿನ್ ಆ ಅಂಚನ್ನು ಬಡಿದಾಗ ಕಿಡಿ ಎದ್ದು ಒಳಗಿನ ಮದ್ದು ಉರಿಯುತ್ತದೆ. ಕೆಲವೊಮ್ಮೆ ತೋಟೆ ತೇವವಾಗಿಯೋ ಹಳತಾಗಿಯೋ ಇದ್ದರೆ ಹೊತ್ತುವುದೇ ಇಲ್ಲ. ಅಪರೂಪಕ್ಕೆ ತಡವಾಗಿ ಹೊತ್ತುತ್ತದೆ. ‘ಟಿಕ್’ ಅಂದು ಸುಮ್ಮನಾದದ್ದು ಇದರಲ್ಲಿ ಯಾವುದು ಅಂತ ಹೊರಗಿನಿಂದ ತಿಳಿಯಲು ಯಾವ ದಾರಿಯೂ ಇಲ್ಲ. ಆದ್ದರಿಂದ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು, ಕೈ ಎತ್ತಿ ಕರೆಯಬೇಕು. ನಾನು ಮಾಡಿದ್ದು ಸರಿಯಾಗಿ ಅದರ ಉಲ್ಟಾ. ಹವಾಲ್ದಾರರು ಅದೇ ರೈಫಲನ್ನು ದಿಬ್ಬಕ್ಕೆ ಮುಖ ಮಾಡಿ ಹಿಡಿದು, ಒಂದೂ ಮಾತಾಡದೆ ಕಾದು, ಆಮೇಲೆ ಬೋಲ್ಟ್ ಎಳೆದರು. ತೋಟೆ ಹುಲ್ಲಿನ ಮೇಲೆ ಬಿತ್ತು. ಗುಂಡು ಅದರಲ್ಲಿ ಹಾಗೇ ಇತ್ತು.

ನನ್ನ ಅನುಭವದಲ್ಲಿ ರೇಂಜಿನಲ್ಲಿ ಅತಿ ಹೆಚ್ಚು ಕೇಳುವ ಅಪಾಯದ ಮಾತು “ಖಾಲಿ ಉಂಟು ಸರ್” ಅನ್ನುವುದೇ. ಮ್ಯಾಗಜೀನ್ ತೆಗೆದರೆ ಬಂದೂಕು ಖಾಲಿಯಾಯಿತು ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಒಂದು ತೋಟೆ ಆಗಲೇ ನಳಿಗೆಯ ಬುಡಕ್ಕೆ ಏರಿದ್ದರೆ ಮ್ಯಾಗಜೀನ್ ಜತೆಗೆ ಅದು ಹೊರಗೆ ಬರುವುದಿಲ್ಲ. ಮೊದಲು ಮ್ಯಾಗಜೀನ್ ತೆಗೆಯಬೇಕು, ನಂತರ ಬೋಲ್ಟ್ ಎಳೆದು ನಳಿಗೆಯ ಬುಡವನ್ನು ಕಣ್ಣಿನಿಂದ ನೋಡಬೇಕು. ಕ್ರಮ ತಿರುವುಮುರುವಾದರೆ, ಬೋಲ್ಟ್ ಮುಚ್ಚುವಾಗ ಮ್ಯಾಗಜೀನಿನಿಂದ ಇನ್ನೊಂದು ತೋಟೆ ಏರಿ ಕೂರುತ್ತದೆ. ‘ಖಾಲಿ ಕರ್’ ಆಜ್ಞೆಯ ನಂತರ ಉಸ್ತಾದರು ಒಬ್ಬೊಬ್ಬರ ರೈಫಲನ್ನೂ ಬಗ್ಗಿ ನೋಡುವುದು ನಿಮ್ಮ ಮೇಲೆ ಅಪನಂಬಿಕೆಯಿಂದಲ್ಲ.

ದೊಡ್ಡ ಸ್ಪರ್ಧೆಗಳಲ್ಲೂ ಇದೇ ಪದ್ಧತಿ. ನಮ್ಮ ಜತ್ತ, ಸೊಲ್ಲಾಪುರದ ಮಕ್ಕಳಿಗೆ ನೆರೆಯವರೇ ಆದ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ಗೆದ್ದರಲ್ಲ, ಆ ಸ್ಪರ್ಧೆಯ ಗುರಿಯಲ್ಲಿ ಹತ್ತರ ವೃತ್ತ ಅಂಗಿಯ ಗುಂಡಿಯಷ್ಟು ಅಗಲ, 10.4 ಮಿಲಿಮೀಟರ್. ಅದಕ್ಕೆ ಗುರಿಯಿಡಬಲ್ಲ ಕ್ರೀಡಾಪಟುಗಳೂ ಹೊಡೆಯದೆ ಇರುವಾಗ ನಳಿಗೆಯ ಬುಡಕ್ಕೆ ಕಣ್ಣಿಗೆ ಹೊಡೆಯುವ ಬಣ್ಣದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಇಡಲೇಬೇಕು. ಏರ್ ರೈಫಲ್ ಆದರೆ ಆ ಪಟ್ಟಿ ನಳಿಗೆಯ ಪೂರ್ತಿ ಉದ್ದಕ್ಕೆ ಇರಬೇಕು. ‘ನಿಲ್ಲಿಸಿ’ ಅಂದ ಮೇಲೆ ಅನುಮತಿಯಿಲ್ಲದೆ ಬಂದೂಕು ಮುಟ್ಟಿದರೆ ಸ್ಪರ್ಧೆಯಿಂದಲೇ ಹೊರಹಾಕಬಹುದು. ಹತ್ತು ಹೆಜ್ಜೆ ದೂರದಲ್ಲಿರುವ ಇನ್ನೊಬ್ಬನಿಗೂ ಇದು ಹೊತ್ತಿಕೊಳ್ಳದು ಅಂತ ಕಾಣಬೇಕು, ಪಟ್ಟಿಯ ಉದ್ದೇಶ ಅದೇ. ಹಂಚಿಕೊಂಡ ಜಾಗದಲ್ಲಿ ನಿನಗೆ ಗೊತ್ತಿದ್ದರೆ ಸಾಲದು, ಪಕ್ಕದವನಿಗೂ ಗೊತ್ತಾಗಬೇಕು.

ಬೆರಳಿನ ನಿಯಮವೂ ಹೀಗೆಯೇ. ಗುರಿ ಕಾಣುವವರೆಗೆ ಬೆರಳು ಟ್ರಿಗರಿನ ಹೊರಗೆ, ನೆಟ್ಟಗೆ. ಹಿಂದಿನಿಂದ ಯಾರೋ ಬೆಚ್ಚಿಬೀಳಿಸಿದರೆ, ಕಾಲು ಜಾರಿದರೆ, ನಮ್ಮ ಮುಷ್ಟಿ ತಾನಾಗಿ ಬಿಗಿಯುತ್ತದೆ. ಎಡಗೈಯಲ್ಲಿ ಏನನ್ನೋ ಗಟ್ಟಿಯಾಗಿ ಹಿಡಿದರೆ ಬಲಗೈ ಬೆರಳೂ ಸ್ವಲ್ಪ ಮಡಚಿಕೊಳ್ಳುತ್ತದೆ. ಇದಕ್ಕೆ ನಿಮ್ಮ ಒಪ್ಪಿಗೆ ಬೇಕಿಲ್ಲ. ಹೊಡೆಯುತ್ತಿರುವವನ ಹೆಗಲು ತಟ್ಟುವುದು, ಹಿಂದಿನಿಂದ ನಗಿಸುವುದು, ಫೋಟೋ ತೆಗೆಯಲು “ಏ, ಇಲ್ಲಿ ನೋಡು ಮಾರಾಯ” ಅನ್ನುವುದು, ಇವೆಲ್ಲ ಬೇರೆ ಕಡೆ ತಮಾಷೆ. ಅಲ್ಲಿ ಅಲ್ಲ.

ಹಿಮ್ಮೆಟ್ಟಿನ ಬಲದ ಬಗ್ಗೆ ಹೇಳುವಾಗ ಒಂದು ನಿಜ ಘಟನೆ ಹೇಳದೆ ಆಗುವುದಿಲ್ಲ. 2014ರ ಆಗಸ್ಟಿನಲ್ಲಿ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಪ್ರವಾಸಿಗರಿಗೆ ಗುಂಡು ಹೊಡೆಯಲು ಬಿಡುವ ಒಂದು ರೇಂಜಿನಲ್ಲಿ, 9 ವರ್ಷದ ಹುಡುಗಿಯ ಕೈಗೆ ಉಜಿ ಅನ್ನುವ ಸಣ್ಣ ಮೆಷಿನ್‌ಗನ್ ಕೊಟ್ಟರು. ಮೊದಲು ಒಂದೊಂದೇ ಗುಂಡು, ಸರಿಯಾಗಿಯೇ ಹೊಡೆದಳು. ಆಮೇಲೆ ತರಬೇತುದಾರ ಅದನ್ನು ಒಂದೇ ಸಮನೆ ಹೊಡೆಯುವ ಸ್ಥಿತಿಗೆ ಹಾಕಿದ. ಅಂಥ ಬಂದೂಕು ಸೆಕೆಂಡಿಗೆ ಹತ್ತು ಅಥವಾ ಅದಕ್ಕೂ ಹೆಚ್ಚು ಗುಂಡು ಬಿಡುತ್ತದೆ. ಪ್ರತಿ ಗುಂಡಿಗೂ ನ್ಯೂಟನ್ನನ ಮೂರನೇ ನಿಯಮದಂತೆ ಒಂದು ಹಿಂದೇಟು. ನಳಿಗೆ ಹಿಡಿಕೆಗಿಂತ ಮೇಲಿರುವುದರಿಂದ ಆ ಬಲ ಬಂದೂಕನ್ನು ಹಿಂದೆ ತಳ್ಳುವುದಷ್ಟೇ ಅಲ್ಲ, ಮಣಿಕಟ್ಟಿನ ಸುತ್ತ ಮೇಲಕ್ಕೆ ತಿರುಗಿಸುತ್ತದೆ. ಒಂದು ಏಟಿನಿಂದ ಕೈ ಸುಧಾರಿಸುವ ಮೊದಲೇ ಇನ್ನೊಂದು. ಬಂದೂಕು ಮೇಲಕ್ಕೂ ಎಡಕ್ಕೂ ಎದ್ದಿತು. ತರಬೇತುದಾರ ಅವಳ ಎಡಗಡೆಯೇ ನಿಂತಿದ್ದ. ತಲೆಗೆ ಗುಂಡು ತಗುಲಿ ತೀರಿಕೊಂಡ. ಹುಡುಗಿಯ ತಪ್ಪು ಇದರಲ್ಲಿ ಒಂದಿಷ್ಟೂ ಇಲ್ಲ. ದೊಡ್ಡವರು ಅವಳ ಕೈಯ ಬಲಕ್ಕೆ ಮೀರಿದ್ದನ್ನು ಕೊಟ್ಟರು.

ಸದ್ದಿನದ್ದೂ ಒಂದು ಸಮಸ್ಯೆ ಉಂಟು. ನಾವು ಮಾತಾಡುವ ಸದ್ದು 60 ಡೆಸಿಬೆಲ್, ಈ ರೈಫಲಿನದು 140ರ ಆಸುಪಾಸು. ಡೆಸಿಬೆಲ್ಲಿನಲ್ಲಿ ಪ್ರತಿ ಹತ್ತಕ್ಕೆ ತೀವ್ರತೆ ಹತ್ತು ಪಟ್ಟು ಆಗುವುದರಿಂದ ವ್ಯತ್ಯಾಸ ಹತ್ತು ಕೋಟಿ ಪಟ್ಟು! ಒಳಕಿವಿಯ ಸೂಕ್ಷ್ಮ ಕೂದಲ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ಕಿವಿ ಮುಚ್ಚಲೇಬೇಕು. ಕಿವಿ ಮುಚ್ಚಿದವರಿಗೆ ಕೂಗು ಸರಿಯಾಗಿ ಕೇಳುವುದಿಲ್ಲ, ಅದಕ್ಕೇ ಕೆಂಪು ಬಾವುಟ, ಸೀಟಿ. ಬಾವುಟ ಏರಿದಾಗ ರೇಂಜಿನೊಳಗೆ ಯಾರೂ ಹೆಜ್ಜೆ ಇಡಬಾರದು. ಗುರಿಹಾಳೆ ನೋಡಲು ಜನ ಮುಂದೆ ಹೋಗಿದ್ದಾಗ, ಹಿಂದೆ ಉಳಿದವರು ರೈಫಲನ್ನು ಒರೆಸಲಿಕ್ಕೂ ಮುಟ್ಟಬಾರದು.

ನಿಲ್ಲಿಸಲು ಮಾತ್ರ ಯಾರಿಗೂ ಅನುಮತಿ ಬೇಡ. ಮೂರು ವರ್ಷದ ಹಿಂದೆ ನಮ್ಮ ಮಕ್ಕಳ ಫೈರಿಂಗ್ ನಡೆಯುತ್ತಿದ್ದಾಗ, ಸರದಿ ಕಾಯುತ್ತಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ “ರುಕ್ ಜಾ! ರುಕ್ ಜಾ!” ಅಂತ ಕಿರುಚಿದಳು. ಎಲ್ಲರೂ ನಿಲ್ಲಿಸಿದರು. ದಿಬ್ಬದ ಪಕ್ಕದ ಪೊದೆಯಿಂದ ಒಂದು ಆಡು, ಅದರ ಹಿಂದೆ ಕೋಲು ಹಿಡಿದ ಒಬ್ಬ ಅಜ್ಜ ಬರುತ್ತಿದ್ದರು. ಆಜ್ಞೆ ಕೊಡುವವರು ಆ ಹೊತ್ತಿಗೆ ಇನ್ನೊಂದು ತುದಿಯಲ್ಲಿದ್ದರು. “ನಾನು ಕೂಗಿದ್ದು ತಪ್ಪಾಯ್ತಾ ಟೀಚರ್?” ಅಂತ ಅವಳು ಆಮೇಲೆ ಅಳುಮೋರೆ ಮಾಡಿ ಕೇಳಿದಳಂತೆ.

ಕೊನೆಗೆ ಕೈ ತೊಳೆಯುವ ವಿಷಯ, ಯಾಕೆಂದರೆ ಇದನ್ನು ಎಲ್ಲರೂ ಮರೆಯುತ್ತಾರೆ. ಗುಂಡು ಸೀಸದ್ದು, ಹೊಗೆಯಲ್ಲೂ ಸೀಸದ ಅಂಶ ಇರುತ್ತದೆ. ಸೀಸ ದೇಹ ಸೇರಿದರೆ ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ. ಫೈರಿಂಗ್ ಮುಗಿಸಿ ಸಾಬೂನು ಹಾಕಿ ಕೈಮುಖ ತೊಳೆಯದೆ ಅವಲಕ್ಕಿಯ ಪೊಟ್ಟಣ ಬಿಚ್ಚಬೇಡಿ.

ಆ ದಿನ ಹವಾಲ್ದಾರರು ನನ್ನನ್ನು ಎಬ್ಬಿಸಿ ಕಳುಹಿಸಲಿಲ್ಲ. ಕೆಟ್ಟ ತೋಟೆಯನ್ನು ಪ್ರತ್ಯೇಕವಾದ ಡಬ್ಬಿಗೆ ಹಾಕಿ, ನನ್ನ ಪಕ್ಕದಲ್ಲೇ ಮೊಣಕಾಲೂರಿ ಕುಳಿತು, ಉಳಿದ ಎರಡು ಗುಂಡುಗಳನ್ನು ಹೊಡೆಸಿದರು. ಎರಡೂ ಹಾಳೆಗೆ ತಗುಲಿದವೋ ಇಲ್ಲವೋ ಈಗ ನೆನಪಿಲ್ಲ. ನಾನು ಎದ್ದಾಗ ಎಡಪಕ್ಕದಲ್ಲಿ ಮಲಗಿದ್ದ ಹುಡುಗ ಏನೂ ಗೊತ್ತಾಗದವನಂತೆ ತನ್ನ ಹಾಳೆ ಎಣಿಸಲು ಓಡುತ್ತಿದ್ದ.