ಮೆಲುದನಿಗೆ ಎಷ್ಟು ವ್ಯಾಟ್ ಬೇಕು?

ರಾತ್ರಿ ಹನ್ನೊಂದು ಗಂಟೆ. ಒಳಗೆ ಮಗು ಮಲಗಿದೆ. ಮಲ್ಲಿಕಾರ್ಜುನ ಮನ್ಸೂರರ ಹಾಡು ಮೆಲ್ಲಗೆ ಹಾಕಿದ್ದೀರಿ. ಈಗ ನಿಮ್ಮ ಆಂಪ್ಲಿಫೈಯರ್ ಎಷ್ಟು ವ್ಯಾಟ್ ಕೊಡ್ತಿದೆ, ಗೊತ್ತಾ?

ಸ್ಪೀಕರ್ ಸೆನ್ಸಿಟಿವಿಟಿ 87 ಡೆಸಿಬಲ್ ಅಂದ್ರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ನೀವು 2 ಮೀಟರ್ ದೂರ ಕೂತು 65 ಡೆಸಿಬಲ್‌ನಲ್ಲಿ ಕೇಳೋಕೆ ಹೆಚ್ಚುಕಮ್ಮಿ 0.025 ವ್ಯಾಟ್ ಸಾಕು. ಒಂದು ವ್ಯಾಟಿನ ನಲವತ್ತರಲ್ಲಿ ಒಂದು ಪಾಲು! ತಾನ್ ಏರಿ ಸದ್ದು 20 ಡೆಸಿಬಲ್ ಜಾಸ್ತಿಯಾದ್ರೂ ಬೇಕಾಗೋದು ಎರಡೂವರೆ ವ್ಯಾಟ್ ಅಷ್ಟೇ.

ಹಾಗಾಗಿ ರಾತ್ರಿ ಕೇಳೋಕೆ 200 ವ್ಯಾಟಿನ ಹಿಂದೆ ಬೀಳಬೇಡಿ. ನೋಡಬೇಕಾದ್ದು ಆಂಪ್ಲಿಫೈಯರ್‌ನ ಸ್ವಂತ ಸದ್ದು. ಹಾಡು ನಿಲ್ಲಿಸಿ, ಟ್ವೀಟರ್ ಹತ್ರ ಕಿವಿ ಇಡಿ. ಸಣ್ಣಗೆ ‘ಸ್ಸ್’ ಅಂತ ಕೇಳುತ್ತಾ? ಪವರ್ ಆಂಪ್ಲಿಫೈಯರ್‌ನದೇ ಸದ್ದಾದ್ರೆ, ವಾಲ್ಯೂಮ್ ಇಳಿಸಿದ್ರೂ ಅದು ಇಳಿಯಲ್ಲ. 100 ಡೆಸಿಬಲ್‌ನ ಹಾರ್ನ್ ಸ್ಪೀಕರ್ ಆದ್ರೆ ಕೂತಲ್ಲಿಗೇ ಕೇಳಿಸಬಹುದು. ತಂಬೂರಿಯ ಝೇಂಕಾರ ಅದರಲ್ಲಿ ಮುಳುಗಿದ್ರೆ ಎಷ್ಟು ಬೇಜಾರು!

ಇನ್ನೊಂದು, ಗೇನ್, ಅಂದ್ರೆ ಆಂಪ್ಲಿಫೈಯರ್ ಸಿಗ್ನಲ್ ಅನ್ನು ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನೋದು. ಅದು ಅತಿಯಾದ್ರೆ ನಾಬ್ ಸ್ವಲ್ಪ ತಿರುಗಿಸಿದ್ರೂ ಜೋರಾಗುತ್ತೆ. ಸಾಮಾನ್ಯ ವಾಲ್ಯೂಮ್ ಕಂಟ್ರೋಲ್‌ಗಳಲ್ಲಿ ಆ ಶುರುವಿನ ಜಾಗದಲ್ಲೇ ಎಡ-ಬಲ ಸಮ ಇರಲ್ಲ. ಗಾಯಕರು ಒಂದು ಪಕ್ಕಕ್ಕೆ ಸರಿದ ಹಾಗೆ ಅನ್ಸುತ್ತೆ. ಗೇನ್ ಕಮ್ಮಿ ಇರೋ, ಸದ್ದಿಲ್ಲದ ಆಂಪ್ಲಿಫೈಯರ್ ಆರಿಸಿ. ಈಗಾಗಲೇ ಕೊಂಡಿದ್ರೆ ಪವರ್ ಆಂಪ್ಲಿಫೈಯರ್ ಮುಂದೆ ಸಿಗ್ನಲ್ ತಗ್ಗಿಸೋ ಅಟೆನ್ಯುಯೇಟರ್ ಹಾಕಿ.

ಅಷ್ಟಾದ್ಮೇಲೂ ಬೇಸ್ ತೆಳ್ಳಗಾಯ್ತಾ? ಸದ್ದು ಕಮ್ಮಿಯಾದಾಗ ಬೇಸ್ ಇನ್ನೂ ಕಮ್ಮಿ ಕೇಳಿಸೋದು ನಮ್ಮ ಕಿವಿಯ ಗುಣ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಸಂಶೋಧಕರು 1933ರಲ್ಲೇ ಇದನ್ನ ಅಳೆದು ತೋರಿಸಿದ್ರು. ಲೌಡ್‌ನೆಸ್ ಬಟನ್ ಇರೋದು ಅದಕ್ಕೇ. ಸಂಕೋಚ ಬೇಡ, ಒತ್ತಿ.