ಫ್ಲೆಕ್ಸ್‌ಗಿಂತ ದೂರ ಹೋಗುವ ದನಿ

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದಂಥ ಹೋಬಳಿಯಲ್ಲಿ ಸಣ್ಣ ಸೇವಾ ಸಂಸ್ಥೆಯೊಂದು ಕಣ್ಣಿನ ಶಿಬಿರ ಇಟ್ಟುಕೊಂಡರೆ, ಕೈಯಲ್ಲಿರುವ ಅಲ್ಪ ಹಣ ಮೊದಲು ಹೋಗುವುದು ಫ್ಲೆಕ್ಸ್‌ಗೆ. ಅದರಲ್ಲಿ ಅತಿಥಿಗಳ ಫೋಟೊ ದೊಡ್ಡದು, ಶಿಬಿರದ ಜಾಗ ಮತ್ತು ಸಮಯ ಚಿಕ್ಕದು. ಓದಲು ಬಾರದ ಅಜ್ಜಿಗೆ ಅದೂ ದಕ್ಕುವುದಿಲ್ಲ. ಶಿಬಿರ ಬೇಕಾಗಿರುವುದು ಆಕೆಗೇ.

ಇದಕ್ಕಿಂತ ಅಗ್ಗದ ದಾರಿಯನ್ನು ಇದೇ ತಾಲ್ಲೂಕಿನ ಬೂದಿಕೋಟೆ ಎಂದೋ ತೋರಿಸಿಕೊಟ್ಟಿದೆ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ 2001ರಲ್ಲಿ ಅಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿ ಕೇಂದ್ರ ಕಟ್ಟಿದವು. ಆಗ ಸ್ವಯಂಸೇವಾ ಸಂಸ್ಥೆಗಳಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲ. ಊರಿನವರು ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ತಾವೇ ರೆಕಾರ್ಡ್ ಮಾಡಿದ ಕಾರ್ಯಕ್ರಮಗಳನ್ನು ಮಹಿಳಾ ಸಂಘಗಳ ಸಭೆಯಲ್ಲಿ ಹಾಕಿ ಕೇಳಿಸಿದರು, ಸಂತೆಯಲ್ಲಿ ಲೌಡ್‌ಸ್ಪೀಕರ್ ಇಟ್ಟರು. 2003ರಲ್ಲಿ ಟಿವಿ ಕೇಬಲ್ ತಂತಿಯ ಮೂಲಕವೇ ಮನೆಗಳಿಗೆ ದನಿ ತಲುಪಿಸಿದರು. ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರ ಕೊನೆಗೆ. ಅಷ್ಟರಲ್ಲಿ ಬೂದಿಕೋಟೆಗೆ ಕೇಳುಗರು ಸಿದ್ಧರಾಗಿದ್ದರು. ಮಾತಾಡುತ್ತಿದ್ದವರು ಅವರ ಸಂಘದವರೇ, ಪರಿಚಿತ ದನಿಗಳೇ. ನನ್ನ ಮಟ್ಟಿಗೆ ಆ ಕೆಲಸದ ತಿರುಳು ಇದೇ.

ಈಗ ಕ್ಯಾಸೆಟ್ ಬೇಕಿಲ್ಲ, ಮೊಬೈಲ್ ಸಾಕು. ಮಾತು ಅರ್ಧ ನಿಮಿಷ ಮೀರದಿರಲಿ. ಏನು, ಯಾವ ದಿನ, ಎಲ್ಲಿ, ಏನು ತರಬೇಕು, ದುಡ್ಡು ಕೊಡಬೇಕೇ ಎಂಬಷ್ಟನ್ನು ಮೊದಲು ಹೇಳಿ. ಸಂಸ್ಥೆಯ ಹೆಸರು ಕೊನೆಗೆ ಬಂದರೆ ನಷ್ಟವಿಲ್ಲ. 'ದೃಷ್ಟಿದೋಷ ತಪಾಸಣಾ ಶಿಬಿರ' ಎನ್ನುವುದಕ್ಕಿಂತ 'ಕಣ್ಣು ಮಂಜಾಗಿದ್ದರೆ ಬನ್ನಿ' ಎಂದರೆ ಜನ ತಿರುಗಿ ನೋಡುತ್ತಾರೆ. ಇದು ಆಂಧ್ರ, ತಮಿಳುನಾಡುಗಳ ಗಡಿ ಸೀಮೆ. ಹಲವು ಮನೆಗಳಲ್ಲಿ ತೆಲುಗು, ಕೆಜಿಎಫ್ ಕಡೆಗೆ ಹೋದರೆ ತಮಿಳು. ಹಾಗಾಗಿ ಕನ್ನಡದ ಜೊತೆಗೆ ಆ ಭಾಷೆಗಳಲ್ಲೂ ರೆಕಾರ್ಡ್ ಮಾಡಿ. ಆಯಾ ಭಾಷೆಯನ್ನು ಮನೆಯಲ್ಲಿ ಆಡುವವರಿಂದಲೇ ಹೇಳಿಸಿ. ಇಲ್ಲಿ ಬೆಂಗಳೂರಿನ ಸ್ಟುಡಿಯೊ ದನಿಗಿಂತ ಆಶಾ ಕಾರ್ಯಕರ್ತೆಯ ದನಿಗೆ ಬೆಲೆ ಹೆಚ್ಚು.

ಕೇಳಿಸಲು ಹಾಲಿನ ಡೈರಿಗಿಂತ ಒಳ್ಳೆಯ ಜಾಗ ನಾನು ಕಾಣೆ. ಬೆಳಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಜನ ಸಾಲಿನಲ್ಲಿ ನಿಂತಿರುತ್ತಾರೆ. ಕಾರ್ಯದರ್ಶಿಯ ಒಪ್ಪಿಗೆ ಪಡೆದು ಸಣ್ಣ ಸ್ಪೀಕರ್ ಇಡಬಹುದು, ಅಥವಾ ನೀವೇ ನಿಂತು ಹೇಳಬಹುದು. ಸಂಘದ ವಾರದ ಸಭೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಕೊಡುವ ದಿನಗಳೂ ಹೀಗೇ ಒದಗುತ್ತವೆ. ಅದೇ ಧ್ವನಿಯನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿ. ಒಂದು ವಾರ ಮುಂಚೆ ಒಮ್ಮೆ, ಹಿಂದಿನ ಸಂಜೆ ಮತ್ತೊಮ್ಮೆ. ಅದಕ್ಕಿಂತ ಹೆಚ್ಚು ಕಳಿಸಿದರೆ ಯಾರೂ ತೆರೆಯುವುದಿಲ್ಲ.

ಆಟೊಗೆ ಮೈಕ್ ಕಟ್ಟುವುದಾದರೆ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಗೋಡೆಬರಹಕ್ಕೂ ಒಪ್ಪಿಗೆ ಬೇಕು.

ಬಂದವರ ಹೆಸರು ಬರೆದುಕೊಳ್ಳುವಾಗ 'ನಿಮಗೆ ಹೇಳಿದವರು ಯಾರು?' ಎಂದು ಕೇಳಿ ಪಕ್ಕದಲ್ಲೇ ಗುರುತು ಹಾಕಿ. ಡೈರಿಯೋ, ಸಂಘವೋ, ಮೊಬೈಲೋ ಎಂಬುದು ಆ ಪುಸ್ತಕದಲ್ಲೇ ಸಿಗುತ್ತದೆ. ಮುಂದಿನ ಸಲ ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅದನ್ನು ನೋಡಿ ತೀರ್ಮಾನಿಸಿ.